ಮಾವ ಮಂಜುಗಡ್ಡೆಗೆ ಇಳಿಸಿದ ಅರವತ್ತು ಥರ್ಮಾಮೀಟರ್

ನಮ್ಮ ಸಾಲಿನಲ್ಲಿ ಅರವತ್ತು ಮನೆ. ಎಲ್ಲಕ್ಕೂ ತಗಡಿನ ಚಾವಣಿ. ಬೇಸಿಗೆ ಬಂತೆಂದರೆ ಮುಚ್ಚಳ ಮುಚ್ಚಿದ ಪಾತ್ರೆಯೊಳಗೆ ಕೂತ ಹಾಗೆ. ನಾನು ಮನೆಯಲ್ಲೇ ಶಾಲೆ ಮಕ್ಕಳ ಬ್ಯಾಗ್ ಹೊಲಿಯುವವಳು. ಮಧ್ಯಾಹ್ನ ಮೆಷಿನ್ನಿನ ಚಕ್ರ ಮುಟ್ಟಿದರೆ ಅಂಗೈ ಚುರ್ ಅನ್ನುತ್ತಿತ್ತು. ಬೆವರು ಬಟ್ಟೆ ಮೇಲೆ ಬಿದ್ದು ಕಲೆಯಾಗಬಾರದು ಅಂತ ಹಣೆಗೊಂದು ಬಟ್ಟೆ ಕಟ್ಟಿಕೊಂಡೇ ಹೊಲಿಯಬೇಕಿತ್ತು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮತ್ತೆ ಬಿದ್ದರು. ಸಂಜೆ ಕಳೆದು ಎಂಟು ಗಂಟೆ. ತಟ್ಟೆ ತೊಳೆಯೋಕೆ ಎದ್ದವರು ಗೋಡೆ ಹಿಡಿದುಕೊಂಡರು. "ಏನೋ ಕತ್ತಲೆ ಬಂದ ಹಾಗಿದೆ" ಅಂದರು, ಹಾಗೇ ಕುಸಿದರು. ಮೈ ಕೆಂಡ. ಬೆವರೇ ಇಲ್ಲ. ನಾನೂ ನನ್ನ ಗಂಡನೂ ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದೆವು. ಮೂರು ದಿನ ಮಲಗಿ ಎದ್ದುಬಂದರು. ನಾವು ಪುಣ್ಯವಂತರು. ಪಕ್ಕದ ಸಾಲಿನಲ್ಲಿ ಅದೇ ವಾರ ಇಬ್ಬರು ಎದ್ದುಬರಲಿಲ್ಲ. ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಅತ್ತೆಯ ಕಾಯಿಲೆಯನ್ನು "ನಿಶ್ಶಕ್ತಿ" ಅಂತ ಬರೆದಿದ್ದರು, ಅಷ್ಟೇ.

ನಗರಸಭೆಯವರು ಸುಮ್ಮನಿರಲಿಲ್ಲ ಅನ್ನಿ. ದೊಡ್ಡ ರಸ್ತೆಯ ನಾಲ್ಕು ಚೌಕದಲ್ಲಿ ನೆರಳಿನ ಚಪ್ಪರ ಹಾಕಿದರು. ಕುಡಿಯುವ ನೀರು ಇಟ್ಟರು. ಬಿಸಿಲಿಗೆ ಬಳಲಿದವರು ಕೂರಲಿ ಅಂತ ಒಂದು ತಂಪು ಕೋಣೆಯನ್ನೂ ತೆರೆದರು. ಅದು ಸಂಜೆ ನಾಲ್ಕಕ್ಕೆ ಮುಚ್ಚುತ್ತಿತ್ತು.

ನಮ್ಮ ಮಾವ ಅದನ್ನು ನೋಡಿಕೊಂಡು ಬಂದು ಚಪ್ಪಲಿ ಬಿಡುತ್ತಾ ಹೇಳಿದರು. "ಇವಳು ಚೌಕದಲ್ಲಿ ಬಿದ್ದಳಾ? ಮಧ್ಯಾಹ್ನ ಬಿದ್ದಳಾ? ನೋವು ಮೊಣಕಾಲಿಗೆ, ಇವರು ಎಣ್ಣೆ ಹಚ್ಚಿದ್ದು ಮೊಣಕೈಗೆ."

ಮಾವನ ವಿಷಯ ಹೇಳಬೇಕು. ಅವರು ತಕ್ಕಡಿ ರಿಪೇರಿ ಮಾಡುವವರು. ನಲವತ್ತು ವರ್ಷದಿಂದ ಅದೇ ಕೆಲಸ. ಕಿರಾಣಿ ಅಂಗಡಿಯ ತಟ್ಟೆ ತಕ್ಕಡಿಯಿಂದ ಹಿಡಿದು ಗೋದಾಮಿನ ದೊಡ್ಡ ತೂಕದ ಯಂತ್ರದವರೆಗೆ ಎಲ್ಲವೂ ಅವರ ಕೈ ಮೇಲೆ ಹೋಗಿವೆ. ಊರಿನವರಿಗೆ ಅವರು "ತಕ್ಕಡಿ ಮಾವ". ಯಾವುದನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಗಡಿಯಾರ ಹತ್ತು ಹೊಡೆದರೆ "ಯಾವ ಗಡಿಯಾರ?" ಅಂತ ಕೇಳುವ ಜನ.

ಮಾರನೇ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನರ್ಸಕ್ಕ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ನಮ್ಮ ಸಾಲಿಗೆ ಬಂದರು. ಆರೋಗ್ಯ ಕೇಂದ್ರದಲ್ಲಿ ಅತ್ತೆಯನ್ನು ನೋಡಿಕೊಂಡವರು ಅವರೇ. ಪೆಟ್ಟಿಗೆಯಲ್ಲಿ ಅರವತ್ತು ಥರ್ಮಾಮೀಟರ್, ಗೋಡೆಗೆ ನೇತುಹಾಕುವಂಥವು. ಮರದ ಪಟ್ಟಿ, ಅದರ ಮೇಲೆ ಗಾಜಿನ ಕೊಳವೆ, ಒಳಗೆ ಕೆಂಪು ನೀರು.

"ನಗರಸಭೆ ಮುಂದಿನ ಐದು ವರ್ಷಕ್ಕೆ ಬಿಸಿಲಿನ ಯೋಜನೆ ಬರೀತಾ ಇದೆ" ಅಂದರು ನರ್ಸಕ್ಕ. "ಕಾಲೇಜಿನವರು ಇವನ್ನ ಕೊಟ್ಟಿದ್ದಾರೆ. ಮನೆಗೊಂದು. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ, ದಿನಕ್ಕೆ ಮೂರು ಸಲ ನೋಡಿ ಬರೀಬೇಕು."

ಮಾವ ಸ್ಕ್ರೂಡ್ರೈವರ್ ಒರೆಸುತ್ತಾ ಕೂತಿದ್ದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ಬಿಸಿ ಇದೆ ಅಂತ ನಮಗೆ ಗೊತ್ತಿಲ್ವಾ?"

"ಹುಣ್ಣು ನಿಮ್ಮ ಅಂಗೈಲಿದೆ ಯಜಮಾನ್ರೇ. ಮದ್ದು ಕೊಡೋರು ದೂರ ಕೂತಿದ್ದಾರೆ. ಅವರಿಗೆ ಹೇಗೆ ಕಾಣಬೇಕು?"

"ಬಂದು ನೋಡಲಿ."

"ಬಂದು ನೋಡಿದ್ರೂ ಒಂದು ದಿನ ನೋಡ್ತಾರೆ. ಈಗ ಅವರ ಹತ್ರ ಇರೋದು ಒಂದೇ ಅಂಕಿ. ಊರಾಚೆ ಮೈದಾನದಲ್ಲಿ ಬೇಲಿ ಹಾಕಿರೋ ಹವಾಮಾನ ಕೇಂದ್ರದ್ದು. ಅಲ್ಲಿ ಹುಲ್ಲಿದೆ, ಗಾಳಿ ಇದೆ. ರಾತ್ರಿ ಎಂಟಕ್ಕೆ ಅಲ್ಲಿ ತಣ್ಣಗಿರುತ್ತೆ. ಅದನ್ನ ನೋಡಿ, ಸಂಜೆ ಮೇಲೆ ತೊಂದರೆ ಇಲ್ಲ ಅಂತ ತಂಪು ಕೋಣೆ ನಾಲ್ಕಕ್ಕೆ ಮುಚ್ಚಿದ್ರು. ಅವರು ಕೆಟ್ಟವರು ಅಂತಲ್ಲ. ನಿಮ್ಮ ಮನೆ ಒಳಗಿನ ಬಿಸಿ ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಇಲ್ಲದ ಬಿಸಿ ಕಚೇರಿಗೆ ತಾಗಲ್ಲ."

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. ಅತ್ತೆ ಒಳಗಿನಿಂದ ಹೇಳಿದರು. "ನಮ್ಮನೇದು ಇಲ್ಲಿ ಕೊಡಮ್ಮ. ನಾನು ಬಿದ್ದ ಗೋಡೆಗೇ ಹಾಕ್ತೀನಿ."

ನಮ್ಮ ಮನೆಯಲ್ಲಿ ಬರೆಯುವ ಕೆಲಸ ನನಗೆ ಬಂತು. ಪುಸ್ತಕಕ್ಕೆ ಗೆರೆ ಎಳೆದೆ. ಮೊದಲ ವಾರದ ಅಂಕಿಗಳನ್ನು ಎರಡೆರಡು ಸಲ ನೋಡಿದೆ. ರಾತ್ರಿ ಎಂಟಕ್ಕೆ ಮೂವತ್ತೊಂಬತ್ತು. ಹೊರಗೆ ಗಾಳಿ ತಣ್ಣಗೆ ಬೀಸುತ್ತಿದ್ದರೂ ಒಳಗೆ ಮೂವತ್ತೊಂಬತ್ತು. ಮುಟ್ಟಿ ನೋಡಿದರೆ ತಗಡು ಆಗಲೇ ಆರಿರುತ್ತಿತ್ತು. ಗೋಡೆ, ನೆಲ ಮಾತ್ರ ಹಗಲೆಲ್ಲ ಕುಡಿದ ಬಿಸಿಯನ್ನು ಕಕ್ಕುತ್ತಾ ಇರುತ್ತಿದ್ದವು.

ಎದುರು ಮನೆಯ ರೇಡಿಯೋ ಅಕ್ಕನಿಗೆ ಖುಷಿಯೋ ಖುಷಿ. ಅವಳಿಗೆ ಆ ಹೆಸರು ಯಾಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. "ನಿಮ್ಮನೇದು ಮೂವತ್ತೊಂಬತ್ತಂತೆ. ಭೇಷ್. ಇದನ್ನ ನೋಡಿದ್ರೆ ಕಚೇರಿಯವರು ಓಡಿ ಬರ್ತಾರೆ" ಅಂತ ಸಾಲಿಗೆಲ್ಲ ಸಾರಿಕೊಂಡು ಬಂದಳು.

ಮಾವ ಮಾತ್ರ ಕೈಗೆ ಮುಳ್ಳು ಚುಚ್ಚಿದವರ ಹಾಗಿದ್ದರು. ಊಟಕ್ಕೆ ಕೂತಾಗಲೂ ಕಣ್ಣು ಗೋಡೆ ಮೇಲೆ. ಕೊನೆಗೆ ಕೇಳಿಯೇಬಿಟ್ಟರು.

"ಇದನ್ನ ಯಾರು ಪರೀಕ್ಷೆ ಮಾಡಿದ್ರು?"

"ಅಂಗಡಿಯಿಂದ ಹೊಸದಾಗಿ ಬಂದಿದ್ದು ಮಾವ."

"ಹೊಸ ತಕ್ಕಡಿ ಎಷ್ಟು ಸಲ ಸುಳ್ಳು ಹೇಳಿದೆ ಅಂತ ನನಗೆ ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ."

ಒಂಬತ್ತನೇ ದಿನ ಅವರು ಕೆಲಸದಿಂದ ಬರುವಾಗ ಹಣ್ಣಿನ ರಸದ ಅಂಗಡಿಯಿಂದ ಒಂದು ದೊಡ್ಡ ಮಂಜುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಂದರು. ಅದನ್ನು ಕುಟ್ಟಿ ಪುಡಿ ಮಾಡಿ ಸ್ಟೀಲ್ ಪಾತ್ರೆಗೆ ಹಾಕಿದರು. ಪುಡಿ ಒದ್ದೆಯಾಗುವಷ್ಟು ನೀರು ಬೆರೆಸಿದರು. ಥರ್ಮಾಮೀಟರನ್ನು ಗೋಡೆಯಿಂದ ತೆಗೆದು, ಅದರ ಬುಡವನ್ನು ಒಳಗೆ ಇಳಿಸಿ, ಮೆಲ್ಲಗೆ ಕಲಕುತ್ತಾ ಕೂತರು.

"ಕರಗ್ತಾ ಇರೋ ಮಂಜುಗಡ್ಡೆ ಸೊನ್ನೆ ಡಿಗ್ರಿ" ಅಂದರು. "ನಮ್ಮನೇಲಾದ್ರೂ ಅಷ್ಟೇ, ಅರಮನೇಲಾದ್ರೂ ಅಷ್ಟೇ. ದೇವರೇ ಕೊಟ್ಟ ತೂಕದ ಬಟ್ಟು ಇದು."

ಹತ್ತು ನಿಮಿಷ ಕಾದೆವು. ಕೆಂಪು ಗೆರೆ ಇಳಿಯುತ್ತಾ ಇಳಿಯುತ್ತಾ ಎರಡರ ಹತ್ತಿರ ನಿಂತಿತು. ಸೊನ್ನೆಗೆ ಬರಲೇ ಇಲ್ಲ. ಮಾವ ಕನ್ನಡಕ ಮೇಲೆತ್ತಿ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದರು. "ನೋಡು, ಕೊಳವೆ ಹಿಡಿದಿರೋ ತಂತಿ ಸಡಿಲ ಆಗಿದೆ. ಕೊಳವೆ ಮೇಲಕ್ಕೆ ಜಾರಿದೆ. ನಿನ್ನ ಮೂವತ್ತೊಂಬತ್ತು ನಿಜವಾಗಿ ಮೂವತ್ತೇಳು."

ಅಷ್ಟರಲ್ಲಿ ರೇಡಿಯೋ ಅಕ್ಕ ಬಾಗಿಲಲ್ಲಿದ್ದಳು. "ಅಣ್ಣ, ಜೋರಾಗಿ ಹೇಳ್ಬೇಡಿ. ಎರಡು ಡಿಗ್ರಿ ಜಾಸ್ತಿ ತೋರಿಸಿದ್ರೆ ನಮಗೇ ಒಳ್ಳೇದಲ್ವಾ? ಯಾರಿಗೇನು ನಷ್ಟ?"

ಮಾವ ಪಾತ್ರೆಯಿಂದ ಕೈ ತೆಗೆದು ಟವೆಲ್ಲಿಗೆ ಒರೆಸಿಕೊಂಡರು. "ನೋಡು ತಾಯಿ. ಅಂಗಡಿಯವನಿಗೆ ಲಾಭ ಆಗೋ ಹಾಗೆ ತೂಗಿದ್ರೂ ಅದು ಕೆಟ್ಟ ತಕ್ಕಡಿ. ಗಿರಾಕಿಗೆ ಲಾಭ ಆಗೋ ಹಾಗೆ ತೂಗಿದ್ರೂ ಅದು ಕೆಟ್ಟ ತಕ್ಕಡಿನೇ. ಒಂದು ಸಲ ಸಿಕ್ಕಿಹಾಕಿಕೊಂಡ್ರೆ ಆಮೇಲೆ ಸರಿ ತೂಗಿದ್ರೂ ಯಾರೂ ನಂಬಲ್ಲ. ಹೋಗಿ ನಿಂದೂ ತಗೊಂಡು ಬಾ."

ಗೊಣಗುತ್ತಾ ಹೋಗಿ ತಂದಳು. ಮಂಜುಗಡ್ಡೆಯಲ್ಲಿ ಇಟ್ಟರೆ ಅವಳದು ಸೊನ್ನೆ ದಾಟಿ ಮೂರು ಗೆರೆ ಕೆಳಗೆ ಹೋಯಿತು. ಅಂದರೆ ಅವಳ ಮನೆ ಬಿಸಿಯನ್ನು ಅದು ಇಷ್ಟು ದಿನ ಮೂರು ಡಿಗ್ರಿ ಕಡಿಮೆ ತೋರಿಸುತ್ತಿತ್ತು.

"ಅಯ್ಯೋ, ಹಾಗಾದ್ರೆ ಇದನ್ನ ಈಗಲೇ ಸರಿ ಮಾಡಿ" ಅಂದಳು.

"ಯಾಕೆ, ಹಾಗೇ ಇರಲಿ ಬಿಡು. ಯಾರಿಗೇನು ನಷ್ಟ?" ಅಂದರು ಮಾವ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಮಾರನೇ ದಿನ ನರ್ಸಕ್ಕನನ್ನು ಕರೆಸಿದೆವು. ಬೈಯುತ್ತಾರೇನೋ ಅಂತ ನನಗೆ ಅಳುಕು. ಅವರು ಎರಡೂ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಪ್ರಶ್ನೆ ನಾನೇ ಮೊದಲು ಕೇಳಬೇಕಿತ್ತು. ತಪ್ಪು ನಂದು" ಅಂದರು. ಆಮೇಲೆ ಮಾವನ ಕಡೆ ತಿರುಗಿ, "ಉಳಿದ ಐವತ್ತೆಂಟೂ ನೋಡಿಕೊಡ್ತೀರಾ?" ಅಂತ ಕೇಳಿದರು.

ಭಾನುವಾರ ನಮ್ಮ ಮನೆ ಮುಂದೆ ದೊಡ್ಡ ಕೆಲಸ ನಡೆಯಿತು. ನಾಲ್ಕು ಪಾತ್ರೆ ಮಂಜುಗಡ್ಡೆ, ಒಂದು ಬಕೆಟ್ ಬಿಸಿನೀರು. "ಖಾಲಿ ತಕ್ಕಡಿ ನೆಟ್ಟಗೆ ನಿಂತ್ರೆ ಸಾಲದು, ತೂಕ ಇಟ್ಟಾಗಲೂ ಸರಿ ಇರಬೇಕು" ಅಂತ ಮಾವ ಹೇಳಿದ್ದಕ್ಕೆ ನರ್ಸಕ್ಕ ಆರೋಗ್ಯ ಕೇಂದ್ರದಿಂದ ಪ್ರಮಾಣಪತ್ರ ಇರುವ ಒಂದು ಥರ್ಮಾಮೀಟರ್ ತಂದಿದ್ದರು. ಅದರ ಪಕ್ಕದಲ್ಲಿ ಪ್ರತಿಯೊಂದನ್ನೂ ಬಿಸಿನೀರಿಗೆ ಇಳಿಸಿ ಹೋಲಿಸಿದರು. ನಾನು ಪಟ್ಟಿಯ ಹಿಂದೆ ಮನೆಯ ಸಂಖ್ಯೆ ಬರೆಯುತ್ತಾ ಹೋದೆ. ನಲವತ್ತಮೂರು ಸರಿಯಾಗಿದ್ದವು. ಹದಿನಾಲ್ಕರಲ್ಲಿ ಕೊಳವೆ ಜಾರಿತ್ತು. ಮಾವ ಅವನ್ನು ಸರಿಯಾದ ಜಾಗಕ್ಕೆ ಕೂರಿಸಿ, ಅಂಟು ಹಾಕಿ, ಒಣಗಿದ ಮೇಲೆ ಇನ್ನೊಂದು ಸಲ ಮಂಜುಗಡ್ಡೆಗೆ ಇಳಿಸಿದರು. ಮೂರು ಏನು ಮಾಡಿದರೂ ದಾರಿಗೆ ಬರಲಿಲ್ಲ. ಅವುಗಳ ಬದಲು ಕಾಲೇಜಿನವರು ಬೇರೆ ಕೊಟ್ಟರು. ಅವೂ ಪರೀಕ್ಷೆಯಾದ ಮೇಲೆಯೇ ಗೋಡೆ ಏರಿದವು.

ಆದರೆ ಅಲ್ಲಿಯವರೆಗೆ ಬರೆದದ್ದು? ಕೊಳವೆ ಯಾವತ್ತು ಜಾರಿತೋ ಯಾರಿಗೆ ಗೊತ್ತು? "ಹಳೇ ಪುಟ ಹರೀಬೇಡಿ" ಅಂದರು ನರ್ಸಕ್ಕ. "ಮೇಲೆ 'ಪರೀಕ್ಷೆಗೆ ಮೊದಲು' ಅಂತ ಬರೆದು ಪಕ್ಕಕ್ಕಿಡಿ. ಲೆಕ್ಕ ಇವತ್ತಿಂದ ಶುರು."

ಅಷ್ಟು ದಿನದ ಶ್ರಮ ನೀರುಪಾಲಾಯಿತು ಅಂತ ಬಹಳ ಜನ ಬೇಸರ ಮಾಡಿಕೊಂಡರು. ಏಳು ಮನೆಯವರು ಥರ್ಮಾಮೀಟರ್ ವಾಪಸ್ ಕೊಟ್ಟರು. "ನಿಮ್ಮ ಮಾವನಿಂದ ಬಂದ ಭಾಗ್ಯ" ಅಂತ ನೀರಿನ ನಲ್ಲಿ ಹತ್ತಿರ ನನಗೆ ಕೇಳುವ ಹಾಗೇ ಮಾತಾಡಿದರು. ನಾನು ಕೊಡ ತುಂಬಿಕೊಂಡು ಬಂದೆ. ಕಣ್ಣಲ್ಲಿ ನೀರು ಬಂದಿತ್ತು, ನಿಜ. ಆದರೆ ಆ ದಿನವೂ ಎರಡು ಗಂಟೆಗೆ ಗೋಡೆ ಮುಂದೆ ನಿಂತು ಬರೆದೆ.

ಐವತ್ತಮೂರು ಮನೆ ಉಳಿದವು. ಎರಡೂವರೆ ತಿಂಗಳು ಬರೆದೆವು. ಮಾವ ತಿಂಗಳಿಗೊಮ್ಮೆ ಎಲ್ಲವನ್ನೂ ಮಂಜುಗಡ್ಡೆಗೆ ಇಳಿಸಿದರು. ನನ್ನ ಅಕ್ಕನ ಹೆರಿಗೆಗೆ ಅಂತ ನಾನು ನಾಲ್ಕು ದಿನ ಹೋಗಿದ್ದೆ. ಅತ್ತೆಗೆ ಕಣ್ಣು ಮಂಜು, ಸಣ್ಣ ಗೆರೆ ಕಾಣುವುದಿಲ್ಲ. ಮಾವನೂ ಗಂಡನೂ ಮಧ್ಯಾಹ್ನ ಎರಡಕ್ಕೆ ಕೆಲಸದ ಮೇಲೆ. ಬಂದು ನೋಡಿದರೆ ಪುಸ್ತಕದಲ್ಲಿ ಮಧ್ಯಾಹ್ನದ ನಾಲ್ಕು ಅಂಕಿಯ ಜಾಗ ಖಾಲಿ.

"ಅಂದಾಜಿಗೆ ತುಂಬಿಸಿಬಿಡಲಾ ಮಾವ?"

"ನೋಡದೆ ಬರೆದ ಅಂಕಿ ತೂಗದೆ ಕಟ್ಟಿದ ಪೊಟ್ಟಣ. ಖಾಲಿ ಇರಲಿ. ಯಾಕೆ ಖಾಲಿ ಅಂತ ಪಕ್ಕದಲ್ಲಿ ಬರಿ."

ಈ ಮಾತು ನಮ್ಮ ಮನೆಯಿಂದ ಎದುರು ಮನೆಗೆ ಹೋಗಿರಬೇಕು. ಎರಡು ದಿನ ಬಿಟ್ಟು ರೇಡಿಯೋ ಅಕ್ಕ ಪುಸ್ತಕ ಹಿಡಿದುಕೊಂಡು ಬಂದಳು. ಅವತ್ತು ಅವಳ ದನಿ ಅಷ್ಟು ಜೋರಿರಲಿಲ್ಲ. "ಮದುವೆ ಬಟ್ಟೆ ಹೊಲಿಯೋ ಗಡಿಬಿಡೀಲಿ ಒಂದು ವಾರ ನೋಡೋಕೆ ಆಗಿರ್ಲಿಲ್ಲ. ಆಮೇಲೆ ಒಂದೇ ಸಲ ಕೂತು ನಲವತ್ತೊಂದು, ನಲವತ್ತೊಂದು ಅಂತ ಬರೆದುಬಿಟ್ಟೆ. ಏನು ಮಾಡ್ಲಿ?"

ಮಾವ ಪೆನ್ನು ಕೊಟ್ಟರು. ಅವಳು ಏಳೂ ದಿನಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ನೋಡದೆ ಬರೆದದ್ದು" ಅಂತ ಬರೆದು ರುಜು ಹಾಕಿದಳು.

ಬೇಸಿಗೆ ಮುಗಿಯುವ ಮೊದಲು ನಗರಸಭೆಯ ಸಭಾಂಗಣದಲ್ಲಿ ಸಭೆ ಕರೆದರು. ಯೋಜನೆಯ ಕರಡು ಮೇಜಿನ ಮೇಲಿತ್ತು. ಅದರಲ್ಲಿ ಇನ್ನೂ ಆರು ಚೌಕಕ್ಕೆ ಚಪ್ಪರ ಅಂತ ಬರೆದಿತ್ತು. ಮನೆಯ ಚಾವಣಿ ಅನ್ನುವ ಪದವೇ ಇರಲಿಲ್ಲ. ಯೋಜನಾಧಿಕಾರಿ ಮೇಡಂ ನಡುವೆ, ಪಕ್ಕದಲ್ಲಿ ಎಂಜಿನಿಯರ್ ಸಾಹೇಬರು. ನರ್ಸಕ್ಕ ನಮ್ಮ ಐವತ್ತಮೂರು ಪುಸ್ತಕದ ಸಾರವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದರು. ರಾತ್ರಿ ಎಂಟಕ್ಕೆ ಮೈದಾನದ ಕೇಂದ್ರದಲ್ಲಿ ಸರಾಸರಿ ಮೂವತ್ತೊಂದು ಡಿಗ್ರಿ. ಅದೇ ಹೊತ್ತಿಗೆ ನಮ್ಮ ಮನೆಗಳೊಳಗೆ ಮೂವತ್ತಾರೂವರೆ.

ಎಂಜಿನಿಯರ್ ಸಾಹೇಬರು ಹಾಳೆ ನೋಡಿದರು. "ಅಂಗಡಿ ಥರ್ಮಾಮೀಟರ್, ಬರೆದೋರು ಮನೆಯೋರು. ಇದನ್ನ ನಂಬಿ ಊರಿನ ಯೋಜನೆ ಬದಲಾಯಿಸೋಕೆ ಆಗುತ್ತಾ?"

ಮಾವ ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಜೇಬಿನಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

"ಸ್ವಾಮಿ, ನಂಬಬೇಡಿ" ಅಂದರು. "ನಾನೂ ನಂಬಿರಲಿಲ್ಲ. ಪರೀಕ್ಷೆ ಮಾಡಿ."

ಚೀಲದಿಂದ ಮಂಜುಗಡ್ಡೆಯ ಪಾತ್ರೆ ತೆಗೆದು ಮೇಜಿನ ಮೇಲಿಟ್ಟರು. ಐವತ್ತಮೂರೂ ಥರ್ಮಾಮೀಟರ್ ನಾನು ಹೊಲಿದ ಒಂದು ದೊಡ್ಡ ಬ್ಯಾಗಿನಲ್ಲಿದ್ದವು. "ಇದರಲ್ಲಿ ಯಾವ ನಂಬರ್ ಬೇಕೋ ನೀವೇ ತೆಗೀರಿ."

ಸಾಹೇಬರು ಕೈ ಹಾಕಿ ಮೂರು ತೆಗೆದರು. ಮಾವ ಅವನ್ನು ಮಂಜುಗಡ್ಡೆಗೆ ಇಳಿಸಿ ಹತ್ತು ನಿಮಿಷ ಮೆಲ್ಲಗೆ ಕಲಕಿದರು. ಮೊದಲನೆಯದು ಸೊನ್ನೆ. ಎರಡನೆಯದು ಸೊನ್ನೆ. ಮೂರನೆಯದು ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ. ಮಾವ ಅದನ್ನೂ ಮುಚ್ಚಿಡಲಿಲ್ಲ. "ಇದು ಕಾಲು ಡಿಗ್ರಿ ಜಾಸ್ತಿ. ಪುಸ್ತಕದಲ್ಲಿ ಬರೆದಿದ್ದೀವಿ, ಹದಿನೇಳನೇ ಮನೆ, ನೋಡಿ."

ಮೇಡಂ ಅಷ್ಟು ಹೊತ್ತು ಪುಸ್ತಕಗಳನ್ನು ತಿರುವುತ್ತಿದ್ದರು. ಒಂದು ಕಡೆ ಬೆರಳಿಟ್ಟು ಕೇಳಿದರು. "ಇಲ್ಲಿ ಏಳು ದಿನಕ್ಕೆ ಗೆರೆ ಹೊಡೆದಿದೆ. ಇದು ಯಾರ ಮನೆ?"

ರೇಡಿಯೋ ಅಕ್ಕ ಎದ್ದಳು. ಇಡೀ ಜನ್ಮದಲ್ಲಿ ಅವಳು ಅಷ್ಟು ಸಣ್ಣ ಉತ್ತರ ಕೊಟ್ಟಿದ್ದು ಅದೇ ಮೊದಲು. "ನಂದು ಮೇಡಂ. ಸುಳ್ಳು ಬರೆದಿದ್ದೆ. ಅದಕ್ಕೇ ಹೊಡೆದುಹಾಕಿದೆ."

ಮೇಡಂ ಪುಸ್ತಕ ಮುಚ್ಚಿದರು. "ಇಪ್ಪತ್ತು ವರ್ಷದಿಂದ ವರದಿ ಓದ್ತಾ ಇದ್ದೀನಿ. ಒಂದು ಖಾಲಿ ಜಾಗವೂ ಇಲ್ಲದ, ಒಂದು ತಪ್ಪೂ ಒಪ್ಪಿಕೊಳ್ಳದ ವರದಿ ನೋಡಿದ್ರೆ ನನಗೆ ಭಯ ಆಗುತ್ತೆ. ಈ ಗೆರೆ ನೋಡಿದ್ಮೇಲೆ ಉಳಿದಿದ್ದನ್ನ ನಂಬ್ತೀನಿ." ಆಮೇಲೆ ಸಾಹೇಬರ ಕಡೆ ತಿರುಗಿದರು. "ಕರಡು ವಾಪಸ್ ತಗೊಳ್ಳಿ."

ರೇಡಿಯೋ ಅಕ್ಕ ಕೂತಳು. ಅವಳ ಕೈ ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿಯಿತು.

ಕೇಳಿದ್ದೆಲ್ಲ ಸಿಗಲಿಲ್ಲ. ನಾವು ಮೂರು ಕೇಳಿದ್ದೆವು, ಎರಡು ಸಿಕ್ಕವು. ತಂಪು ಕೋಣೆ ಈಗ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತೆ. ತಗಡಿನ ಚಾವಣಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುವುದು ಯೋಜನೆಯಲ್ಲಿ ಸೇರಿತು. ಬಿಸಿಲಿನ ಎಚ್ಚರಿಕೆಯನ್ನು ಇನ್ನೂ ಬೇಗ ಕೊಡಬೇಕು ಅಂದಿದ್ದೆವು. ಅದಕ್ಕೆ ಒಂದು ಬೇಸಿಗೆಯ ಲೆಕ್ಕ ಸಾಲದು, ಇನ್ನೊಂದು ಬೇಸಿಗೆ ಅಳೆದು ತನ್ನಿ ಅಂದರು. ರೇಡಿಯೋ ಅಕ್ಕ ಮುಖ ಊದಿಸಿಕೊಂಡಳು. ಮಾವ ಮಾತ್ರ "ಸರಿಯಾಗೇ ಹೇಳಿದ್ದಾರೆ" ಅಂದರು.

ಅಚ್ಚಾದ ಯೋಜನೆಯ ಪುಸ್ತಕ ಒಂದು ನಮ್ಮ ಮನೆಗೂ ಬಂತು. ಹದಿನಾಲ್ಕನೇ ಪುಟದಲ್ಲಿ ನಮ್ಮ ಐವತ್ತಮೂರು ಮನೆಯ ಅಂಕಿ ಇದೆ. ಕೊನೆಯಲ್ಲಿ ಒಂದು ನಿಯಮವೂ ಇದೆ: "ಅಳತೆಗೆ ಬಳಸುವ ಪ್ರತಿ ಥರ್ಮಾಮೀಟರನ್ನು ತಿಂಗಳಿಗೊಮ್ಮೆ ಕರಗುವ ಮಂಜುಗಡ್ಡೆಯಲ್ಲಿ ಪರೀಕ್ಷಿಸತಕ್ಕದ್ದು. ಈ ಕ್ರಮವನ್ನು ಸೂಚಿಸಿದವರು ಸ್ಥಳೀಯ ತಕ್ಕಡಿ ತಜ್ಞರು." ಮಾವ ಅದನ್ನು ಒಂದು ಸಲ ಮನಸ್ಸಿನಲ್ಲಿ ಓದಿದರು. ಆಮೇಲೆ ಜೋರಾಗಿ ಓದಿದರು.

"ತಜ್ಞರಂತೆ" ಅಂದರು ಅತ್ತೆ. "ಮನೇಲಿ ಮಿಕ್ಸಿ ಕೆಟ್ಟು ಎರಡು ತಿಂಗಳಾಯ್ತು."

ಮಾವ ಅವತ್ತೇ ಮಿಕ್ಸಿ ಬಿಚ್ಚಿದರು. ಬಿಚ್ಚುವಾಗ ಅವರ ಮುಖ ನೋಡಬೇಕಿತ್ತು. ನನ್ನ ಗಂಡ ಆ ಪುಟದ ಫೋಟೋ ತೆಗೆದು ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ತೋರಿಸಿಕೊಂಡು ಬಂದ.

ಈ ವರ್ಷ ಬೇಸಿಗೆ ಶುರುವಾದಾಗ ಬಣ್ಣ ಬಳಿಯುವುದನ್ನೂ ಅಳತೆ ಇಲ್ಲದೆ ಮಾಡಲಿಲ್ಲ. ಮೊದಲು ಅರ್ಧ ಮನೆಗಳಿಗೆ, ಮೂರು ವಾರ ಬಿಟ್ಟು ಉಳಿದರ್ಧಕ್ಕೆ. ಯಾರಿಗೆ ಮೊದಲು ಅಂತ ಚೀಟಿ ಎತ್ತಿದೆವು. ಆ ಮೂರು ವಾರ ಎರಡೂ ಕಡೆ ನಾವೇ ಬರೆದೆವು. ಬಣ್ಣ ಬಳಿದ ಮನೆಗಳಲ್ಲಿ ಮೂರು ಡಿಗ್ರಿ ಕಡಿಮೆ ಬಂತು. ಬಣ್ಣದವರು ನಾಲ್ಕು ಇಳಿಯುತ್ತೆ ಅಂದಿದ್ದರು. ನಾವು ಮೂರು ಅಂತಲೇ ಬರೆದುಕೊಟ್ಟೆವು. ಆ ಮೂರು ಡಿಗ್ರಿಯಲ್ಲಿ ಅತ್ತೆ ಈಗ ರಾತ್ರಿ ಕೂತು ಊಟ ಮಾಡುತ್ತಾರೆ. ನಾನು ಹಣೆಗೆ ಬಟ್ಟೆ ಕಟ್ಟದೆ ಹೊಲಿಯುತ್ತೇನೆ.

ಮೊನ್ನೆ ಪಕ್ಕದ ಊರಿನ ಮಹಿಳಾ ಸಂಘದವರು ಮಾವನನ್ನು ಕರೆಸಿಕೊಂಡಿದ್ದರು, ತಮ್ಮ ಥರ್ಮಾಮೀಟರ್ ನೋಡಿಕೊಡಿ ಅಂತ. ಜೊತೆಗೆ ನಾನೂ ಹೋಗಿದ್ದೆ, ಪುಸ್ತಕಕ್ಕೆ ಗೆರೆ ಎಳೆಯುವುದನ್ನು ಹೇಳಿಕೊಡೋಕೆ. ಅವರು ನನ್ನನ್ನು "ಟೀಚರ್" ಅಂದರು. ನಾನು ಓದಿದ್ದು ಏಳನೇ ಕ್ಲಾಸು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದುತ್ತಾ ಕೂತಿರುವ ನಿಮ್ಮ ಊರಿಗೂ ಒಂದಲ್ಲ ಒಂದು ದಿನ ಯಾರೋ ಪುಸ್ತಕ ಹಿಡಿದು ಬರುತ್ತಾರೆ. ಮನೆಯೊಳಗೆ ಬಿಸಿ ಎಷ್ಟು, ನೀರು ಎಲ್ಲಿಯವರೆಗೆ ನುಗ್ಗಿತ್ತು, ಬಾವಿ ಎಷ್ಟು ಇಳಿದಿದೆ ಅಂತ ಕೇಳುತ್ತಾರೆ. ಬಾಗಿಲು ಹಾಕಬೇಡಿ. ಅವರು ಬರದಿದ್ದರೆ ನೀವೇ ಆರೋಗ್ಯ ಕೇಂದ್ರಕ್ಕೋ, ಪಂಚಾಯಿತಿಗೋ, ಹತ್ತಿರದ ಕಾಲೇಜಿಗೋ ಹೋಗಿ "ನಮ್ಮಲ್ಲೂ ಅಳೆಯೋಣ" ಅಂತ ಕೇಳಿ. ಕಂಡಷ್ಟನ್ನೇ ಹೇಳಿ. ಕೂಡಿಸಬೇಡಿ, ಕಳೆಯಬೇಡಿ. ಕಾಣದ ದಿನವನ್ನು ಖಾಲಿ ಬಿಡಿ. ನಿಮ್ಮ ಮನೆಯಲ್ಲಿ ಎಲ್ಲದಕ್ಕೂ ಅನುಮಾನ ಪಡುವವರು ಒಬ್ಬರಿದ್ದರೆ ಅವರನ್ನು ಮೂಲೆಗೆ ಕೂರಿಸಬೇಡಿ. ಅಳತೆಯ ಪಟ್ಟಿಯನ್ನು ಮೊದಲು ಅವರ ಕೈಗೇ ಕೊಡಿ.

ಸರ್ಕಾರ ತೀರ್ಮಾನ ಮಾಡುವ ಮೇಜಿನ ಮೇಲೆ ನಿಮ್ಮ ಮನೆಯ ನಿಜವೂ ಇರಲಿ. ಅದನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ದೊಡ್ಡದು. ಅದಕ್ಕೆ ಬೇಕಾದ ಕಣ್ಣು ಮತ್ತು ಕೈ ನಿಮ್ಮ ಹತ್ತಿರ ಇವೆ.